ದಾರ ಹರಿದರೆ ಸೀಸ ಬೀಳುತ್ತದೆಯೇ? ಕಾರ್ಪ್ ಗಾಳದ ಮೂರು ರಿಗ್, ಏಳು ವರ್ಷದ ಬಳಕೆ

ಲೀಡ್ ಕ್ಲಿಪ್, ಹೆಲಿಕಾಪ್ಟರ್, ಇನ್‌ಲೈನ್. ಕಾರ್ಪ್ (ಗೆಂಡೆ ಜಾತಿಯ ಮೀನು) ಹಿಡಿಯುವ ಈ ಮೂರು ಸೀಸದ ರಿಗ್‌ಗಳನ್ನು, ಅಂದರೆ ದಾರಕ್ಕೆ ಕೊಕ್ಕೆ ಮತ್ತು ಸೀಸದ ತೂಕ ಜೋಡಿಸುವ ಬಗೆಗಳನ್ನು, ಏಳು ವರ್ಷದಿಂದ ಇಂಗ್ಲೆಂಡಿನ ಥೇಮ್ಸ್ ಕಣಿವೆಯ ಕೆರೆಗಳಲ್ಲಿ ಬಳಸುತ್ತಿದ್ದೇನೆ. ಜಲ್ಲಿ ತೆಗೆದ ಗುಂಡಿಗಳಿಗೆ ನೀರು ತುಂಬಿ ಆದ ಕೆರೆಗಳಿವು. ತಳದಲ್ಲಿ ಒಂದು ಕಡೆ ಗಟ್ಟಿ ಜಲ್ಲಿ, ಹತ್ತು ಹೆಜ್ಜೆ ಆಚೆ ಮೆತ್ತನೆಯ ಹೂಳು. ಬೇಸಿಗೆಯಲ್ಲಿ ನೀರಿನ ಗಿಡಗಳು ಮೇಲಿನವರೆಗೂ ಬೆಳೆದು ನಿಲ್ಲುತ್ತವೆ.

ಊರಿನ ಕೆರೆಯಲ್ಲಿ ಗಾಳಕ್ಕೆ ಬಿದ್ದ ಗೆಂಡೆ ಸಂಜೆಗೆ ಸಾರಾಗುತ್ತಿತ್ತು. ದಾರ ಹರಿದರೆ ಒಂದು ಮೀನು, ಒಂದು ಕೊಕ್ಕೆ ಹೋಯಿತು ಅಷ್ಟೆ. ಇಲ್ಲಿ ಹಿಡಿದ ಕಾರ್ಪನ್ನು ಒದ್ದೆ ಮ್ಯಾಟ್ ಮೇಲೆ ಮಲಗಿಸಿ, ತೂಕ ನೋಡಿ, ಮತ್ತೆ ನೀರಿಗೆ ಬಿಡುತ್ತೇವೆ. ದಶಕಗಳ ಕಾಲ ಬದುಕುವ ಮೀನು ಅದು. ಒಂದೇ ಮೀನು ಎಷ್ಟೋ ಜನರ ಕೈಗೆ ಬಂದುಹೋಗುತ್ತದೆ, ಕೆಲವಕ್ಕೆ ಹೆಸರೂ ಇದೆ. ಹಾಗಾಗಿ ರಿಗ್ ಕೊಳ್ಳುವಾಗ ಎಷ್ಟು ಮೀನು ಹಿಡಿಯುತ್ತದೆ ಎನ್ನುವುದಕ್ಕಿಂತ ಮೊದಲು ನಾನು ಕೇಳುವ ಪ್ರಶ್ನೆ ಶೀರ್ಷಿಕೆಯಲ್ಲೇ ಇದೆ.

ಇದನ್ನು ಕಲಿತದ್ದು ಎರಡನೇ ವರ್ಷದ ಜುಲೈನಲ್ಲಿ. ಒಂದು ದೊಡ್ಡ ಮೀನು ಗಿಡಗಳೊಳಗೆ ನುಗ್ಗಿತು, ಎಳೆದಾಟದಲ್ಲಿ ದಾರ ಹರಿಯಿತು. ಮರುದಿನ ದೋಣಿಯಲ್ಲಿ ಹೋದವರೊಬ್ಬರಿಗೆ ಅದು ಸಿಕ್ಕಿತು. ಮಿರರ್ ಕಾರ್ಪ್, ಬಾಯಲ್ಲಿ ನನ್ನ ಕೊಕ್ಕೆ, ಹಿಂದೆ ನನ್ನ ಸೀಸ. ಆ ಸೀಸ ಗಿಡಗಳಿಗೆ ಸಿಕ್ಕಿಕೊಂಡು ಮೀನು ಕಟ್ಟಿಹಾಕಿದ ಹಾಗೆ ನಿಂತಿತ್ತು. ಬದುಕಿತ್ತು. ತುಟಿ ಮಾತ್ರ ಹರಿದಿತ್ತು. ಬಳಸಿದ್ದು ‘ಸೇಫ್ಟಿ’ ಎಂದು ಪೊಟ್ಟಣದ ಮೇಲೆ ಬರೆದಿದ್ದ ಲೀಡ್ ಕ್ಲಿಪ್ಪೇ. ಎಸೆಯುವಾಗ ಸೀಸ ಹಾರಿಹೋಗಬಾರದೆಂದು ಹಿಂದಿನ ರಬ್ಬರನ್ನು ನಾನು ಪೂರ್ತಿ ಒಳಗೆ ಒತ್ತಿದ್ದೆ. ತಪ್ಪು ನನ್ನದು.

ಕ್ಲಿಪ್ ಕೆಲಸ ಮಾಡುವ ಬಗೆ ಸರಳ. ಪ್ಲಾಸ್ಟಿಕ್ ಕ್ಲಿಪ್‌ಗೆ ಒಂದು ತೋಳು, ಅದಕ್ಕೆ ಸೀಸದ ಬಳೆ, ಬಳೆ ಜಾರದಂತೆ ತಡೆಯಲು ಒಂದು ರಬ್ಬರ್. ಸೀಸ ಎಲ್ಲಾದರೂ ಸಿಕ್ಕಿಕೊಂಡರೆ ರಬ್ಬರ್ ಜಾರಿ, ಬಳೆ ತೋಳಿನಿಂದ ಕಳಚಿ, ಸೀಸ ತಳಕ್ಕೆ ಬೀಳಬೇಕು. ಇಲ್ಲಿ ಎರಡು ಎಡವಟ್ಟಾಗಬಹುದು. ಒಂದು, ನಾನು ಮಾಡಿದ ಹಾಗೆ ರಬ್ಬರನ್ನು ಬಿಗಿಯಾಗಿ ತುರುಕುವುದು. ಇನ್ನೊಂದು, ಸ್ವಿವೆಲ್ಲನ್ನು (ಕೊಕ್ಕೆಯ ದಾರ ಕಟ್ಟುವ, ತಿರುಗುವ ಕೊಂಡಿ) ಕ್ಲಿಪ್ಪಿನೊಳಗೆ ಹಿಡಿದಿಡುವ ಚಿಕ್ಕ ಪಿನ್ ಹಾಕಲು ಮರೆಯುವುದು. ಪಿನ್ ಇಲ್ಲದಿದ್ದರೆ ಕ್ಲಿಪ್ಪೇ ದಾರದ ಮೇಲೆ ಹಿಂದಕ್ಕೆ ಜಾರುತ್ತದೆ, ಸೀಸ ಕಳಚಲು ಬೇಕಾದ ಎಳೆತ ತೋಳಿಗೆ ಸಿಗುವುದೇ ಇಲ್ಲ. ಪಿನ್ ಕಣ್ಣಿಗೂ ಸರಿಯಾಗಿ ಕಾಣದಷ್ಟು ಚಿಕ್ಕದು, ಆದರೆ ಇಡೀ ರಿಗ್ ನಿಂತಿರುವುದು ಅದರ ಮೇಲೆ.

ಈಗ ಪ್ರತಿ ರಿಗ್ಗನ್ನೂ ಮನೆಯಲ್ಲೇ ನೀರಲ್ಲಿ ಅದ್ದಿ, ಸೀಸವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಕೊಕ್ಕೆಯ ದಾರವನ್ನು ನಿಧಾನವಾಗಿ ಎಳೆಯುತ್ತೇನೆ. ಜಗ್ಗಾಡದೆ ಕಳಚಿದರೆ ಸರಿ. ಬೇರೆ ಬೇರೆ ಕಂಪನಿಗಳ ಕ್ಲಿಪ್ ಮತ್ತು ರಬ್ಬರ್ ಬೆರೆಸುವುದನ್ನು ಪೂರ್ತಿ ಬಿಟ್ಟಿದ್ದೇನೆ. ನೋಡಲು ಒಂದೇ ಥರ ಇದ್ದರೂ ಹಿಡಿತ ಬೇರೆಯೇ. ಬಿಸಿಲು ಕಂಡ ರಬ್ಬರ್ ಗಡುಸಾಗುವುದರಿಂದ ಪ್ರತಿ ವಸಂತದಲ್ಲೂ ಹೊಸದು ಹಾಕುತ್ತೇನೆ. ಗಿಡ ದಟ್ಟವಾಗಿರುವ ನೀರಿಗೆ ಈಗಲೂ ನನ್ನ ಮೊದಲ ಆಯ್ಕೆ ಕ್ಲಿಪ್ಪೇ. ಸೀಸ ಬಿದ್ದ ಕೂಡಲೇ ಮೀನು ಮೇಲಕ್ಕೆ ಬರುತ್ತದೆ, ಗಿಡಗಳೊಳಗೆ ಹೂತುಕೊಳ್ಳುವುದು ಕಡಿಮೆ.

ಹೆಲಿಕಾಪ್ಟರ್ ರಿಗ್‌ನಲ್ಲಿ ಸೀಸ ತುದಿಯಲ್ಲಿ, ಕೊಕ್ಕೆಯ ದಾರ ಅದರ ಮೇಲೆ ಎರಡು ಮಣಿಗಳ ನಡುವೆ ಸುತ್ತುತ್ತದೆ. ದೂರದ ಎಸೆತಕ್ಕೆ ಇದರಷ್ಟು ಸಿಕ್ಕಾಗದೆ ಹೋಗುವ ರಿಗ್ ನಾನು ಕಂಡಿಲ್ಲ. ಮೇಲಿನ ಮಣಿಯನ್ನು ಸ್ವಲ್ಪ ಎತ್ತರಕ್ಕೆ ಸರಿಸಿದರೆ ಸೀಸ ಹೂಳಿಗೆ ಇಳಿದರೂ ಎರೆ ಮೇಲೆಯೇ ಉಳಿಯುತ್ತದೆ. ಅಪಾಯ ಇರುವುದು ಆ ಮೇಲಿನ ಮಣಿಯಲ್ಲೇ. ದಾರ ಹರಿದಾಗ ಮೀನು ಆ ಮಣಿಯನ್ನು ಲೀಡರ್‌ನ (ಸೀಸದ ಮೇಲಿನ ಗಟ್ಟಿ ದಾರದ ತುಂಡು) ತುದಿಯವರೆಗೆ ಎಳೆದು ಹೊರಗೆ ದಾಟಬೇಕು. ಒಳಗೆ ಸೀಸದ ಎಳೆಯಿರುವ ಲೆಡ್‌ಕೋರ್ ಲೀಡರ್ ಬಳಸಿದರೆ ಅದರ ತುದಿಯ ಹೆಣೆದ ಕುಣಿಕೆ ದಪ್ಪಗಿರುತ್ತದೆ, ಮಣಿ ಅಲ್ಲಿ ನಿಂತರೆ ಮೀನು ಸೀಸ ಹೊತ್ತುಕೊಂಡೇ ತಿರುಗಬೇಕು. ಹಲವು ಕೆರೆಗಳಲ್ಲಿ ಲೆಡ್‌ಕೋರ್ ನಿಷಿದ್ಧ. ಆ ನಿಯಮಕ್ಕೆ ಗೊಣಗುವವರನ್ನು ನೋಡಿದ್ದೇನೆ, ನಾನು ಅದರ ಪರ. ಕುಣಿಕೆಯ ಮೇಲೆ ಮಣಿ ಸರಾಗ ಜಾರುವುದನ್ನು ಕಣ್ಣಾರೆ ನೋಡದೆ ಈ ರಿಗ್ ನೀರಿಗೆ ಇಳಿಸಬೇಡಿ.

ಇನ್‌ಲೈನ್ ಬಗ್ಗೆ ಹೇಳಲು ಹೆಚ್ಚಿಲ್ಲ. ದಾರ ಸೀಸದ ನಡುವೆಯೇ ಹಾಯುತ್ತದೆ, ಎರೆ ಎತ್ತಿದ ಕ್ಷಣವೇ ಮೀನಿಗೆ ಭಾರ ತಗಲುತ್ತದೆ. ಗಟ್ಟಿ, ಸ್ವಚ್ಛ ತಳದಲ್ಲಿ ಹತ್ತಿರದ ಎಸೆತಕ್ಕೆ ಬಹಳ ಚೆನ್ನ. ಸ್ವಿವೆಲ್ ಸೀಸದಿಂದ ಸುಲಭವಾಗಿ ಬಿಡಬೇಕು, ಹಿಂದೆ ಯಾವ ಗಂಟೂ ಅಡ್ಡ ಬರಬಾರದು. ಹೂಳಿನಲ್ಲಿ ಮಾತ್ರ ಇದು ಎರೆಯನ್ನೂ ಕೆಳಕ್ಕೆ ಎಳೆದುಕೊಂಡು ಹೋಗುತ್ತದೆ.

ತೂಕದ ವಿಷಯ. ನಾನು ಬಳಸುವುದು ಬಹುತೇಕ 3 ಔನ್ಸ್, ಅಂದರೆ 85 ಗ್ರಾಂ. ಇಂಗ್ಲೆಂಡ್‌ನಲ್ಲಿ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಗಾಳದ ಸೀಸದ ಮಾರಾಟಕ್ಕೆ 1987ರಿಂದ ನಿಷೇಧವಿದೆ. ಹಂಸಗಳು ಹೊಟ್ಟೆಯಲ್ಲಿ ಆಹಾರ ಅರೆಯಲು ಚಿಕ್ಕ ಹರಳು ನುಂಗುತ್ತವೆ, ಅದರ ಜೊತೆ ಸೀಸದ ಗುಂಡೂ ಹೋಗಿ ವಿಷವೇರಿ ಸಾಯುತ್ತಿದ್ದವು. ಕಾರ್ಪ್ ಸೀಸ ಆ ಮಿತಿಗಿಂತ ಭಾರವಾದ್ದರಿಂದ ಉಳಿದುಕೊಂಡಿದೆ. ಹಾಗೆಂದು ಪ್ರತಿ ಮೀನಿಗೂ ಒಂದೊಂದು ಸೀಸ ತಳಕ್ಕೆ ಹಾಕುವ ಈಗಿನ ರೂಢಿ ನನಗೆ ಒಪ್ಪಿಗೆಯಿಲ್ಲ. ಗಿಡಗಳಿದ್ದರೆ ಬೀಳಲಿ, ಮೀನಿನ ಜೀವ ದೊಡ್ಡದು. ಬಯಲು ತಳದಲ್ಲಿ ಸೀಸ ತೋಳಿನ ಮೇಲೆಯೇ ಇದ್ದು, ನಿಜವಾಗಿ ಸಿಕ್ಕಿಕೊಂಡಾಗ ಮಾತ್ರ ಬೀಳುವ ಹಾಗೆ ರಬ್ಬರ್ ಹಾಕಬಹುದು.

ಕಳೆದ ವರ್ಷದಿಂದ ಸೀಸದ ಬದಲು ಕಲ್ಲಿನ ತೂಕ ಹಾಕಿ ನೋಡುತ್ತಿದ್ದೇನೆ. ಅದೇ ಭಾರಕ್ಕೆ ಕಲ್ಲಿನ ಗಾತ್ರ ಸೀಸದ ಸುಮಾರು ನಾಲ್ಕು ಪಟ್ಟು, ಆದ್ದರಿಂದ ಗಾಳಿಗೆ ಎದುರಾಗಿ ಹಾರುವುದಿಲ್ಲ. ಕ್ಲಿಪ್‌ನಿಂದ ಮಾತ್ರ ಸೀಸದಷ್ಟೇ ಸಲೀಸಾಗಿ ಕಳಚುತ್ತದೆ. ಮೂವತ್ತು ನಲವತ್ತು ಮೀಟರ್ ಒಳಗೆ ಈಗ ಅದನ್ನೇ ಹಾಕುತ್ತೇನೆ. ಅದಕ್ಕಿಂತ ದೂರಕ್ಕೆ ಇನ್ನೂ ಸೀಸವೇ.