ಹಾನ್ಲೆ ಹೋಂಸ್ಟೇ: ಬಿಸಿನೀರು ಇಲ್ಲ, ಗೂಬೆ ಪಾಠ ಸೂಪರ್

ಲಡಾಖಿನ ಹಾನ್ಲೆಗೆ ನಮ್ಮ ಬೆಂಗಳೂರಿನವರು ಹೋಗುವುದು ಜಾಸ್ತಿ ನಕ್ಷತ್ರ ನೋಡೋಕೆ. ಅಲ್ಲಿನ ಬೆಟ್ಟದ ಮೇಲಿರುವ 2 ಮೀಟರ್ ದೂರದರ್ಶಕವನ್ನು ನಡೆಸುವುದೇ ಇಲ್ಲಿ ಹೊಸಕೋಟೆಯಲ್ಲಿ ಕೂತು, ಅಲ್ವಾ. ನಾನು ಹೋಗಿದ್ದು ಗೂಬೆಗಾಗಿ. ಊಟ, ವಸತಿ, ಗೈಡ್ ಎಲ್ಲ ಸೇರಿದ ಮೂರು ರಾತ್ರಿಯ ಪ್ಯಾಕೇಜ್. ದೂರುಗಳೂ ಇರುವುದರಿಂದ ಹೋಂಸ್ಟೇ ಹೆಸರು ಹಾಕುತ್ತಿಲ್ಲ.

4,200 ಮೀಟರಿಗೂ ಮೇಲೆ ಬಿಸಿನೀರು ಕೇಳುವುದು ದುರಾಸೆಯೇ ಇರಬಹುದು, ಆದರೆ ಬುಕ್ ಮಾಡುವಾಗ ಇದೆ ಅಂದಿದ್ದರು. ಇನ್ನು ಡ್ರೈವರ್. ಮೊದಲ ಸಂಜೆ ಬಂಡೆಯ ಬುಡದವರೆಗೂ ಗಾಡಿ ನುಗ್ಗಿಸಿದ, ದೊಡ್ಡ ಕೊಂಬಿನ ಗೂಬೆ ಎದ್ದು ಹಾರಿಹೋಯಿತು. ಆಮೇಲೆ ನೀವು ಜೋರಾಗಿ ಮಾತಾಡಿದ್ದಕ್ಕೇ ಹೋಯಿತು ಅಂತ ನಮ್ಮ ಮೇಲೆಯೇ ಗೂಬೆ ಕೂರಿಸಿದ.

ಗೈಡ್ ಹುಡುಗ ಮಾತ್ರ ಚಿನ್ನ. ಮರುದಿನ ಬೆಳಿಗ್ಗೆ ಅದೇ ಬಂಡೆಯ ಕೆಳಗೆ ಬೂದು ಬಣ್ಣದ ಒಣ ಉಂಡೆಯೊಂದನ್ನು ಹೆಕ್ಕಿದ. ನಾನು ಲದ್ದಿ ಅಂದುಕೊಂಡೆ. ಅಲ್ಲ, ಗೂಬೆ ಬಾಯಿಂದ ಕಾರಿದ್ದು. ಗೂಬೆಯ ಹೊಟ್ಟೆಯ ಆಮ್ಲ ಹದ್ದುಗಳದ್ದಷ್ಟು ಖಾರವಲ್ಲ, ಹಾಗಾಗಿ ಮೂಳೆಗಳು ಕರಗದೆ ಕೂದಲಿನ ಜೊತೆ ಉಂಡೆಯಾಗಿ ಹೊರಗೆ ಬರುತ್ತವೆ. ಒಂದು ಕಡ್ಡಿ ಹಿಡಿದು ನಿಧಾನಕ್ಕೆ ಬಿಡಿಸಿ ಪುಟ್ಟ ತಲೆಬುರುಡೆ ತೆಗೆದ. ಮೇಲಿನ ಎರಡು ಬಾಚಿಹಲ್ಲುಗಳ ಬೆನ್ನಿಗೇ ಕಡ್ಡಿಯಷ್ಟು ಸಣ್ಣ ಇನ್ನೊಂದು ಜೋಡಿ! ಇಲಿಗೆ ಹಾಗಿರುವುದಿಲ್ಲ, ಅದಕ್ಕೆ ಇರುವುದು ಒಂದೇ ಜೋಡಿ. ಇದು ಪೈಕಾ, ನೋಡಲು ಇಲಿಯ ಹಾಗಿದ್ದರೂ ಮೊಲದ ನೆಂಟ. ದಪ್ಪ ಅಳಿಲಿನಂಥ ಮಾರ್ಮೋಟ್‌ಗಳು ಚಳಿಗಾಲ ಪೂರ್ತಿ ಬಿಲದಲ್ಲಿ ಮಲಗಿರುತ್ತವೆ, ಪೈಕಾ ಮಲಗುವುದಿಲ್ಲ. ಹಿಮದಲ್ಲೂ ಓಡಾಡುತ್ತದೆ. ಮರವೇ ಇಲ್ಲದ ಆ ಬೋಳು ಬಯಲಿನಲ್ಲಿ ಇಷ್ಟು ದೊಡ್ಡ ಗೂಬೆ ಹೇಗೆ ಬದುಕುತ್ತದಪ್ಪಾ ಅಂತ ನನಗಿದ್ದ ಅನುಮಾನಕ್ಕೆ ಅರ್ಧ ಉತ್ತರ ಆ ಹಲ್ಲಿನಲ್ಲೇ ಸಿಕ್ಕಿತು. ಉಳಿದರ್ಧ ಮೊಲ, ವೋಲ್ ಇಲಿ, ಕೈಗೆ ಸಿಕ್ಕ ಹಕ್ಕಿ. ಪೈಕಾ ಬೇಟೆಯಲ್ಲಿ ಗೂಬೆಗೆ ಪಲ್ಲಾಸ್ ಬೆಕ್ಕು ಅನ್ನೋ ಕಾಡುಬೆಕ್ಕು, ನರಿಗಳ ಪೈಪೋಟಿಯೂ ಇದೆ.

ನಮ್ಮ ಹಾಲಕ್ಕಿಯ ದಾಯಾದಿಯಂಥ ಪುಟ್ಟ ಗೂಬೆಯೂ ಹಗಲಲ್ಲೇ ಕಲ್ಲುಗೋಡೆ ಮೇಲೆ ಕೂತಿತ್ತು. ಅದರದ್ದು ಜೀರುಂಡೆ, ಸಣ್ಣ ಇಲಿಗಳ ಊಟ.

ಹತ್ತಿರದ ಫೋಟೋನೇ ಬೇಕು ಅನ್ನುವವರಿಗೆ ಈ ಪ್ಯಾಕೇಜ್ ದುಬಾರಿ. ನನ್ನ ಫೋಟೋದಲ್ಲಿ ಗೂಬೆ ಯಾವುದು, ಕಲ್ಲು ಯಾವುದು ಅಂತ ಬಾಣ ಹಾಕಿ ತೋರಿಸಬೇಕು. ಆದರೂ ಆ ಹುಡುಗನ ಒಂದು ಬೆಳಗಿಗೆ ಕೊಟ್ಟ ದುಡ್ಡು ಸಾರ್ಥಕ, 5ಕ್ಕೆ 4. ಬೈನಾಕ್ಯುಲರ್ ಮಾತ್ರ ನೀವೇ ಒಯ್ಯಿರಿ, ಅವರದ್ದರಲ್ಲಿ ಒಂದು ಕಣ್ಣು ಮಸುಕು.