ನೆರೆ ಇಳಿದ ಮೇಲೆ ಗಳ ಹಿರಿಯುವವರು ಬರುತ್ತಾರೆ, ಎಚ್ಚರ

ನೆರೆ ಇಳಿದಿತ್ತು, ಆದರೆ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಪಂಪ್ ಬಾಡಿಗೆಗೆ ಕೊಡುವವನು ಮಾಮೂಲಿ ದರದ ಆರು ಪಟ್ಟು ಕೇಳಿದ. ಏಕೆಂದು ಕೇಳಿದರೆ, "ಬೇಡಿಕೆ, ಪೂರೈಕೆ ಸ್ವಾಮಿ, ನನ್ನ ಕೈಯಲ್ಲೇನಿದೆ?" ಎಂದ. ಅರ್ಧ ಎಳೆದ ಶಟರ್‌ನ ಒಳಗೆ ಪಂಪ್‌ಗಳು ಸಾಲಾಗಿ ನಿಂತಿದ್ದವು. ದರದ ಚೀಟಿಯಲ್ಲಿ ಹಳೆಯ ಅಂಕಿಯನ್ನು ಮಾರ್ಕರ್‌ನಿಂದ ಹೊಡೆದು ಹೊಸದನ್ನು ಬರೆದಿದ್ದ, ಶಾಯಿ ಇನ್ನೂ ಹಸಿಯಾಗಿತ್ತು. ಪೂರ್ತಿ ಹಣ ಮುಂಗಡ, ರಸೀದಿ ಇಲ್ಲ. ಯಂತ್ರ ಸ್ವಲ್ಪ ಹೊತ್ತು ಓಡಿ ಕೆಮ್ಮಿ ನಿಂತಿತು. ಅವನ ಫೋನ್ ಸ್ವಿಚ್ ಆಫ್.

ಬೆಲೆ ಏರುವುದೆಲ್ಲ ಸುಲಿಗೆಯಲ್ಲ. ದರ ಹೆಚ್ಚಿದರೆ ಒಂದು ಸಾಕಾದವರು ಎರಡು ಕೊಳ್ಳುವುದಿಲ್ಲ, ದೂರದವರು ಸರಕು ಹೇರಿಕೊಂಡು ಬರುತ್ತಾರೆ. 2005ರಲ್ಲಿ ಅಮೆರಿಕಕ್ಕೆ ಅಪ್ಪಳಿಸಿದ ಕತ್ರಿನಾ ಚಂಡಮಾರುತದ ನಂತರ ಕೆಂಟಕಿಯಿಂದ ಮಿಸಿಸಿಪ್ಪಿಗೆ ಜನರೇಟರ್‌ಗಳನ್ನು ಸಾಗಿಸಿ ಹೆಚ್ಚಿನ ಬೆಲೆಗೆ ಮಾರಹೊರಟವನನ್ನು ಪೊಲೀಸರು ಬಂಧಿಸಿದ್ದರು. ನನ್ನನ್ನು ಕೇಳಿದರೆ, ಅವನಿಗೆ ಎರಡು ಕಾಸು ಹೆಚ್ಚು ಕೊಡಬಹುದಿತ್ತು. ಇಲ್ಲದ ಕಡೆಗೆ ಸರಕು ತಂದವನು ಅವನು. ನಮ್ಮ ಪಂಪಿನವನು ತಂದದ್ದೇನು? ರಸ್ತೆ ಕಡಿದುಹೋಗಿತ್ತು, ಆರು ಪಟ್ಟಲ್ಲ, ಅರವತ್ತು ಪಟ್ಟು ಕೊಟ್ಟರೂ ಇನ್ನೊಂದು ಪಂಪ್ ಬರುವಂತಿರಲಿಲ್ಲ. ಇದ್ದ ದಾಸ್ತಾನಿನ ಮೇಲೆ ಕುಳಿತು ಪೂರೈಕೆಯ ಪಾಠ ಹೇಳಿದ, ಅಷ್ಟೆ.

ಕ್ಯಾಲಿಫೋರ್ನಿಯಾದ ಕಾನೂನು ಈ ವ್ಯತ್ಯಾಸವನ್ನು ಗುರುತಿಸುತ್ತದೆ. ತುರ್ತು ಪರಿಸ್ಥಿತಿ ಘೋಷಣೆಯಾದಾಗ ಅಗತ್ಯ ವಸ್ತುಗಳ ಬೆಲೆಯನ್ನು ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ; ತನಗೇ ಖರ್ಚು ಹೆಚ್ಚಿದೆ ಎಂದು ಮಾರುವವನು ತೋರಿಸಿದರೆ ಮಾತ್ರ ವಿನಾಯಿತಿ. ನೀವೂ ಅದನ್ನೇ ಕೇಳಿ: "ನಿಮಗೆ ಯಾವ ಖರ್ಚು ಹೆಚ್ಚಾಯಿತು?" ಡೀಸೆಲ್, ಸಾಗಣೆ, ರಾತ್ರಿ ಪಾಳಿಯ ಕೂಲಿ ಎಂದು ಲೆಕ್ಕ ಬಿಡಿಸಿ ಹೇಳುವವನೊಂದಿಗೆ ಚೌಕಾಸಿ ಮಾಡಬಹುದು. "ಬೇಕಿದ್ದರೆ ತೊಗೊಳ್ಳಿ" ಎನ್ನುವವನ ದರದ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ, ದೂರಿಗೆ ಅದೇ ಆಧಾರ. ಯಂತ್ರವನ್ನು ನಿಮ್ಮೆದುರಿಗೇ ಓಡಿಸಿ ತೋರಿಸುವ ತನಕ ಪೂರ್ತಿ ಹಣ ಬಿಚ್ಚಬೇಡಿ.

ಪಂಪಿನವರ ಹಿಂದೆಯೇ ದುರಸ್ತಿಯವರು ಬರುತ್ತಾರೆ. ಅದೇ ಕ್ಯಾಲಿಫೋರ್ನಿಯಾದಲ್ಲಿ ವಸ್ತುಗಳ ಮೇಲಿನ ಮಿತಿ 30 ದಿನದ್ದಾದರೆ, ದುರಸ್ತಿ ಕೆಲಸದ ಮೇಲಿನದು 180 ದಿನ. ಚಾವಣಿ ಸೋರುತ್ತಿದ್ದರೂ ಸರಿ, ಎರಡನೆಯವರ ದರ ಕೇಳದೆ, ಬರಹದಲ್ಲಿ ಅಂದಾಜು ಪಡೆಯದೆ ಮುಂಗಡ ಕೊಡಬೇಡಿ.