ಪೇಜ್‌ಮೇಕರ್ 7.0: ಇಪ್ಪತ್ತೊಂದ ವರ್ಷ ದಿನಾ ಬಳಸಿದ ಮ್ಯಾಲ ಬರದದ್ದು

ಬೆಟಗೇರಿಯೊಳಗ ನಾ ಕೆಲಸಾ ಮಾಡೋ ಪ್ರೆಸ್ಸಿನ್ಯಾಗ ನನ್ನ ಟೇಬಲ್ ಮ್ಯಾಲ ಎರಡು ಕಂಪ್ಯೂಟರ್ ಅದಾವ. ಒಂದು ಹೊಸಾದು, 16 ಜಿಬಿ ರ್‍ಯಾಮು, ಎಸ್‌ಎಸ್‌ಡಿ, ದೊಡ್ಡ ಮಾನಿಟರು. ಇನ್ನೊಂದು ವಿಂಡೋಸ್ ಎಕ್ಸ್‌ಪಿ ಇರೋ ಹಳೇ ಡಬ್ಬಿ, 512 ಎಂಬಿ ರ್‍ಯಾಮು, ಅದರಾಗ ಅಚ್ಚಿಗೆ ಪುಟಾ ಜೋಡಸೋ ಸಾಫ್ಟ್‌ವೇರ್ ಪೇಜ್‌ಮೇಕರ್ 7.0. ಮುಂಜಾನೆ ಬಂದು ಎರಡೂ ಒಮ್ಮೆಲೇ ಚಾಲೂ ಮಾಡ್ತೀನಿ, ಹೊಸಾದರಾಗಿನ ಡಿಸೈನ್ ಸಾಫ್ಟ್‌ವೇರ್ ಲಾಗಿನ್ ಕೇಳಿ, ಅಪ್‌ಡೇಟ್ ಐತೇನು ಅಂತ ನೋಡಿ, ಇವತ್ತ ಏನ್ ಹೊಸಾದ್ ಬಂದೈತಿ ಅಂತ ಒಂದ್ ಪರದೆ ತೋರಿಸಿ ಕೆಲಸಕ್ಕ ಬರೂದರಾಗ ಹಳೇದರಾಗ ಒಂದ್ ಬಿಲ್ ಬುಕ್ಕಿನ ಪೇಜ್ ಸೆಟ್ ಆಗಿ ಟ್ರೇಸಿಂಗ್ ಪೇಪರ್ ಮ್ಯಾಲ ಪ್ರಿಂಟ್ ಬಂದಿರತೈತಿ.

ನಾ 2004ರಾಗ ಈ ಕೆಲಸಕ್ಕ ಸೇರಿದಾಗ ಮಾಲಕರು ಪೇಜ್‌ಮೇಕರ್ 7ರ ಸಿಡಿ ಆಗಲೇ ತರಿಸಿ ಇಟ್ಟಿದ್ರು. ಅದು ಹೊರಗ ಬಂದಿದ್ದು 2001ರಾಗ, ಕಂಪನಿಯವರು ಇನ್ನ ಮುಂದ ಇದನ್ನ ಬೆಳಸಂಗಿಲ್ಲ ಅಂತ ನಿಲ್ಲಿಸಿದ್ದು 2004ರಾಗ, ಅಂದ್ರ ನಾ ಕಲಿಯಾಕ ಕುಂತ ವರ್ಷನ ಅದರ ಬೆಳವಣಿಗಿ ಮುಗದಿತ್ತು. ಆವಾಗ ನನಗ ಇದು ಗೊತ್ತಿರಲಿಲ್ಲ, ಗೊತ್ತಾದ ಮ್ಯಾಲ ಖರೇವಂದ್ರೂ ಸಮಾಧಾನ ಆತು. ಯಾಕಂದ್ರ ಅವತ್ತ ಕಲ್ತ ಒಂದ್ ಕೀನೂ ಇವತ್ತಿಗೂ ಜಾಗಾ ಬಿಟ್ಟು ಹೋಗಿಲ್ಲ. ಕಂಟ್ರೋಲ್ ಡಿ ಹೊಡದ್ರ ಪ್ಲೇಸ್ (ಬ್ಯಾರೆ ಫೈಲಿನ ಚಿತ್ರ, ಬರಹ ತಂದು ಇಡೂದು), ಕಂಟ್ರೋಲ್ ಇ ಹೊಡದ್ರ ಸ್ಟೋರಿ ಎಡಿಟರ್, ಕಂಟ್ರೋಲ್ ಟಿ ಅಂದ್ರ ಅಕ್ಷರದ ಸೈಜು, ಲೀಡಿಂಗು (ಸಾಲಿನ ನಡುವಿನ ಅಂತರ), ಕಂಟ್ರೋಲ್ ಎಂ ಅಂದ್ರ ಪ್ಯಾರಾ. ನನ್ನ ಕಣ್ಣು ಗಿರಾಕಿ ಕೊಟ್ಟ ಚೀಟಿ ಮ್ಯಾಲ ಇರತಾವ, ಕೈ ತಾನ ಹೋಗತೈತಿ.

ಈ ಪೇಜ್‌ಮೇಕರ್ ಮೊದಲ ತಗದಾವ್ರು ಆಲ್ಡಸ್ ಅನ್ನೋ ಕಂಪನಿಯವ್ರು, 1985ರಾಗ, 1994ರಾಗ ಅದು ಅಡೋಬಿಗೆ ಹೋತು. ಆಲ್ಡಸ್ ಅನ್ನೋ ಹೆಸರು ಐನೂರು ವರ್ಷದ ಹಿಂದ ವೆನಿಸ್ ಊರಾಗ ಪುಸ್ತಕ ಅಚ್ಚ್ ಹಾಕ್ತಿದ್ದ ಆಲ್ಡಸ್ ಮನೂಟಿಯಸ್ ಅನ್ನೋ ಮುದ್ರಕನದು, ಕೈಯಾಗ ಹಿಡಕೊಂಡ್ ಓದೋ ಸಣ್ಣ ಸೈಜಿನ ಪುಸ್ತಕ ಮಂದಿಗೆ ಮುಟ್ಟಿಸಿದಾವ ಅಂವ. ನಮ್ಮ ಅಂಗಡಿ ಬೋರ್ಡಿನ ಮ್ಯಾಲ ಡಿಟಿಪಿ ಅಂತ ಬರಸೇವಲ್ಲ, ಆ ಡೆಸ್ಕ್‌ಟಾಪ್ ಪಬ್ಲಿಷಿಂಗ್ ಅನ್ನೋ ಮಾತು ಚಾಲ್ತಿಗೆ ತಂದಾವ್ರೂ ಈ ಆಲ್ಡಸ್ ಕಂಪನಿ ಕಟ್ಟಿದ ಪಾಲ್ ಬ್ರೈನರ್ಡ್ ಅವರ. ಅಚ್ಚಿನ ಕೆಲಸಾ ಗೊತ್ತಿದ್ದಾವ್ರು ಮಾಡಿದ ಸಾಫ್ಟ್‌ವೇರ್ ಅಂತ ಬಳಸಿದಾಗ ತಿಳೀತೈತಿ. ಪೇಜಿನ ಸುತ್ತ ಖಾಲಿ ಜಾಗಾ ಕೊಟ್ಟಾರ, ಟೇಬಲ್ ಮ್ಯಾಲ ಚೂರು ಕತ್ತರಿಸಿ ಬಾಜೂಕ ಇಟ್ಕೊಂಡಂಗ ಬ್ಲಾಕು, ಬಾರ್ಡರು, ಗಣಪತಿ ಚಿತ್ರ ಎಲ್ಲಾ ಅಲ್ಲೇ ಇಟ್ಕೊಂಡ್ ಬೇಕಾದಾಗ ಎಳಕೋಬಹುದು. ಬಿಲ್ಡ್ ಬುಕ್ಲೆಟ್ ಅಂತ ಒಂದ್ ಐತಿ, ಪಿನ್ ಹೊಡಿಯೋ ಪುಸ್ತಕಕ್ಕ ಪುಟಾ ಹಿಂದ ಮುಂದ ಜೋಡಸೂದನ್ನ ಅದ ಮಾಡಿಕೊಡತೈತಿ, ಪ್ರಿಂಟ್ ಕೊಡುವಾಗ ಮಿರರ್ ಅಂತ ಟಿಕ್ ಮಾಡಿದ್ರ ಟ್ರೇಸಿಂಗ್ ಉಲ್ಟಾ ಬರತೈತಿ, ಸೀದಾ ಪ್ಲೇಟಿಗೆ. ನಮಗ ಇಷ್ಟ ಬೇಕಾಗಿದ್ದು.

ಕನ್ನಡದ ಮಾತು ಹೇಳಬೇಕು, ಅದರಾಗ ಎಲ್ಲಾ ಗುಟ್ಟು ಐತಿ. ಪೇಜ್‌ಮೇಕರಿಗೆ ಕನ್ನಡ ಬರಂಗಿಲ್ಲ, ಎಲ್ಲಾ ಕಂಪ್ಯೂಟರು, ಮೊಬೈಲಿಗೂ ಒಂದ ಇರೋ ಅಕ್ಷರ ಸಂಕೇತ, ಆ ಯೂನಿಕೋಡ್ ಅಂದ್ರೇನು ಅಂತ ಅದಕ್ಕ ಗೊತ್ತಿಲ್ಲ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನ್ಯಾಗ ತಲಿಕಟ್ಟು, ಕೊಂಬು, ಒತ್ತು ಎಲ್ಲಾ ಚೂರು ಚೂರಾಗಿ ಇಂಗ್ಲಿಷ್ ಅಕ್ಷರದ ಜಾಗಾದಾಗ ಕುಂದ್ರಿಸ್ಯಾರ. ಪೇಜ್‌ಮೇಕರಿಗೆ ಅದು ಬರೇ ಇಂಗ್ಲಿಷ್ ಇದ್ದಂಗ, ಒಂದರ ಮುಂದ ಒಂದು ಇಟ್ಕೋಂತ ಹೋಗತೈತಿ, ಯಾವದನ್ನೂ ತಾನ ಕೂಡಸಾಕ ಹೋಗಂಗಿಲ್ಲ. ಅದಕ್ಕ 2006ರಾಗ ಮಾಡಿದ ಫೈಲ್ ಇವತ್ತ ತಗದ್ರೂ ಅದ ಸಾಲು ಅದ ಜಾಗಾದಾಗ ಮುರದಿರತೈತಿ, ಫಾಂಟ್ ಅದ ಇದ್ರ ಸಾಕು. ಕೀಬೋರ್ಡೂ ಹಂಗ. ಕೆ.ಪಿ. ರಾವ್ ಅವರು ಮಾಡಿಕೊಟ್ಟ ವಿನ್ಯಾಸ ನುಡಿಯೊಳಗ ಬಂದದ್ದು ಇವತ್ತಿಗೂ ಹಂಗ ಐತಿ, ಯಾರೂ ಅದನ್ನ ಅಪ್‌ಡೇಟ್ ಮಾಡತೇನಿ ಅಂತ ಕ ಇದ್ದ ಜಾಗಾದಾಗ ಚ ತಂದ್ ಇಟ್ಟಿಲ್ಲ, ಅದಕ್ಕ ನಮ್ಮ ಕಡೆ ಡಿಟಿಪಿ ಮಾಡೋ ಹೆಣ್ಣಮಕ್ಕಳು ಗಂಡಮಕ್ಕಳು ಕೀ ನೋಡದನ ಟೈಪ್ ಮಾಡ್ತಾರ.

ನಮ್ಮ ಪ್ರೆಸ್ಸಿಗೆ ಒಂದು ಸೊಸೈಟಿಯವ್ರ ವಾರ್ಷಿಕ ವರದಿ ಪ್ರತಿ ವರ್ಷ ಬರತೈತಿ. ಹೋದ ವರ್ಷದ ಫೈಲ್ ತಗದು ಸೇವ್ ಆ್ಯಸ್ ಕೊಟ್ಟು ಅಂಕಿ ಬದಲಿ ಮಾಡೂದು, ಅರ್ಧಾ ದಿನದ ಕೆಲಸಾ. ಹದಿನೆಂಟ್ ವರ್ಷದಿಂದ ಹಿಂಗ ನಡದೈತಿ.

ಇನ್ನ ಹೊಸಾದರ ಕಥಿ. ಯಾವ ಸಾಫ್ಟ್‌ವೇರ್ ಅಂತ ಹೆಸರು ಹೇಳಂಗಿಲ್ಲ, ತಿಂಗಳಾ ಬಾಡಗಿ ಕಟ್ಟೋ ಜಾತೀದು. ಮಾಲಕರ ಮಗಾ ಹುಬ್ಬಳ್ಳ್ಯಾಗ ಓದಿ ಬಂದಾಂವ, ಚಲೋ ಹುಡುಗ, "ಕಾಕಾ, ಯೂನಿಕೋಡ್‌ನ್ಯಾಗ ಮಾಡಿದ್ರ ಮುಂದ ಆ ಪುಸ್ತಕಾ ಮೊಬೈಲ್‌ನ್ಯಾಗೂ ಓದಬಹುದು ನೋಡ್ರಿ" ಅಂದ. ಅವನ ಮಾತು ಖರೇ ಇತ್ತು, ನಾನೂ ಮನಸಿಟ್ಟು ಕಲತೆ, ಮೂರ್ ತಿಂಗಳ ಚಲೋನ ನಡೀತು. ಒಬ್ಬ ರಿಟೈರ್ಡ್ ಮಾಸ್ತರರು ತಮ್ಮ ಜೀವನದ ಕಥಿ ಬರದಿದ್ರು, 96 ಪುಟದ್ದು, ಡೆಮಿ ಸೈಜು. ಒಮ್ಮೆಲೇ ಹೊಡದು ಮಡಚೋ 16 ಪುಟದ್ದೊಂದ್ ಫಾರ್ಮ್, ಒಟ್ಟು ಆರ್ ಫಾರ್ಮ್. ಮೊದಲಿನ ಮೂರ್ ಫಾರ್ಮ್ ಮಾಸ್ತರರು ನೋಡಿ ಸರಿ ಐತಿ ಅಂದ್ರು, ಪ್ಲೇಟ್ ಮಾಡಿಸಿ ಹೊಡದ ಬಿಟ್ವಿ. ಉಳದ ಮೂರ್ ಫಾರ್ಮಿನ ತಿದ್ದುಪಡಿ ಅವರು ಎಂಟ್ ದಿನಾ ಬಿಟ್ಟು ಕೊಟ್ರು, ನಾ ಫೈಲ್ ತಗದೆ, ನಡುವಿನ ಎಂಟ್ ದಿನದಾಗ ಅಪ್‌ಡೇಟ್ ಆಗಿತ್ತು. ನಾವ್ಯಾರೂ ಹೂಂ ಅಂದಿರಲಿಲ್ಲ, ರಾತ್ರಿ ಕಂಪ್ಯೂಟರ್ ಬಂದ್ ಮಾಡೂದ ಮರತಿದ್ವಿ ಅಷ್ಟ, ಅದು ತಾನ ಇಳಿಸ್ಕೊಂಡು ತಾನ ಕುಂತಿತ್ತು.

ಒಳಗ ಅಕ್ಷರಾ ಕೂಡಸೋ ಎಂಜಿನ್ ಬದಲಿ ಆಗಿತ್ತು. ಒತ್ತಕ್ಷರದ ಅಗಲ ಕೂದಲೆಳಿ ಅಷ್ಟು ಹೆಚ್ಚು ಕಡಿಮಿ, ಕಣ್ಣಿಗೆ ಕಾಣಂಗಿಲ್ಲ, ಆದ್ರ ಸಾಲಿಗೆ ಸಾಲು ಕೂಡಿ ಒಂದ್ ಶಬ್ದಾ ಕೆಳಗ ಇಳೀತು, ಪ್ಯಾರಾ ಒಂದ್ ಸಾಲು ಉದ್ದ ಆತು, ಹಂಗ ಹಂಗ ತಳ್ಕೋಂತ ಹೋಗಿ 48ನೇ ಪುಟದ ಕಡೀ ಸಾಲು ಯಾವದಿತ್ತೋ ಅದ ಸಾಲು 49ನೇ ಪುಟದ ತಲಿ ಮ್ಯಾಲ ಬಂದು ಕುಂತಿತ್ತು. 48 ಆಗಲೇ ಅಚ್ಚಾಗಿ ಸಾವಿರ ಪ್ರತಿ ಮಡಚಿ ಇಟ್ಟೇವಿ. ಮೊದಲಿನ ವರ್ಶನ್ ಹಾಕಿ ತಗೀಬೇಕಂದ್ರ ನಾ ಒಮ್ಮೆ ಸೇವ್ ಕೊಟ್ಟಿದ್ದೆ, ಹೊಸಾದರಾಗ ಸೇವ್ ಆದ ಫೈಲು ಹಳೇದರಾಗ ತಗಿಯಾಕ ಬರಂಗಿಲ್ಲ ಅಂತು. ಹೆಲ್ಪ್‌ಲೈನಿಗೆ ಹಚ್ಚಿದ್ರ ಅವರು ನಿಮ್ಮದು ಲೇಟೆಸ್ಟ್ ವರ್ಶನ್ ಐತಿ, ಎಲ್ಲಾ ಸರಿ ಐತಿ ಅಂದ್ರು.

ಮಾಸ್ತರರ ಪುಸ್ತಕ ಬಿಡುಗಡಿ ದಿನಾ ನಿಕ್ಕಿ ಆಗಿತ್ತು, ಕಾರ್ಡ್ ಹಂಚಿದ್ರು, ಆ ಕಾರ್ಡ್ ನಾವ ಹೊಡದಿದ್ದು. ನಾನು ಮಾಲಕರ ಮಗಾ ಇಬ್ರೂ ಕೂಡಿ ಎರಡ್ ರಾತ್ರಿ ಕುಂತ್ವಿ. ಹಳೇ ಪ್ರೂಫ್ ಬಾಜೂಕ ಇಟ್ಕೊಂಡು ಅಂವ ಓದಿ ಹೇಳೂದು, ನಾ ಪ್ರತಿ ಸಾಲಿನ ಕಡೀಕ ಶಿಫ್ಟ್ ಎಂಟರ್ ಹೊಡದು ಸಾಲು ಮುರಿಯೂದು. 48 ಪುಟಾ, ಪುಟಕ್ಕ 28 ಸಾಲು. ಎರಡನೇ ರಾತ್ರಿ ಮೂರ್ ಗಂಟೇಕ ಆ ಹುಡುಗ ತಲಿ ಮ್ಯಾಲ ಕೈ ಇಟ್ಕೊಂಡು "ಕಾಕಾ, ನಾವ್ ರೊಕ್ಕಾ ಕಟ್ಟಿ ಇದನ್ನ ತಗೊಂಡೇವಲ್ರೀ" ಅಂದ. ನನಗ ಅವನ ಮಾತು ಇನ್ನೂ ಮರೀವಲ್ದು. ಪುಸ್ತಕಾ ವ್ಯಾಳ್ಯಾಕ್ಕ ಕೊಟ್ವಿ. ಅವತ್ತಿನಿಂದ ಪುಸ್ತಕದ ಕೆಲಸಾ ಎಲ್ಲಾ ತಿರಗಿ ಪೇಜ್‌ಮೇಕರಿಗೆ ಬಂದೈತಿ, ಕಲರ್ ಕಾರ್ಡು, ಬ್ಯಾನರು ಅಷ್ಟ ಹೊಸಾದರಾಗ.

ನಂದು ಅಪ್‌ಡೇಟ್ ಬ್ಯಾಡ ಅನ್ನೋ ಹಟಾ ಅಲ್ಲ. ಮನಿ ಮಾಳಗಿ ಸೋರಿದ್ರ ಮುಚ್ಚಾಕ ಬೇಕು, ಕಳ್ಳ ಬರೋ ತೂತು ಇದ್ರ ಬಂದ್ ಮಾಡಾಕ ಬೇಕು. ಆದ್ರ ಮಾಳಗಿ ಮುಚ್ಚಾಕ ಬಂದಾವ್ರು ಅಡಗಿ ಮನಿ ಹಿತ್ತಲಕ್ಕ ಒಯ್ದು, ಒಲಿ ಜಾಗಾ ಬದಲಿ ಮಾಡಿ, ನಾ ಕೇಳದ ಎರಡ್ ಖೋಲಿ ಕಟ್ಟಿ, ಮ್ಯಾಲ ಬಾಡಗಿ ಹೆಚ್ಚ ಮಾಡಿ ಹೋದ್ರ ಹ್ಯಾಂಗ. ಎರಡೂ ಕೂಡಿಸಿ ಒಂದ ಗಂಟು ಕಟ್ಟಿ ಕೊಡತಾರ, ತೂತು ಮುಚ್ಚಬೇಕಂದ್ರ ಖೋಲಿ ತಗೊಳ್ಳಾಕ ಬೇಕು. ಬ್ಯಾರೆ ಮಾಡಿ ಕೊಡಾಕ ಬರತೈತಿ ಅನ್ನೂದಕ್ಕ ಫೈರ್‌ಫಾಕ್ಸ್ ಬ್ರೌಸರಿನ ಇಎಸ್‌ಆರ್ ಅನ್ನೋದು ಐತಲ್ಲ, ಉಬುಂಟು ಅನ್ನೋ ಆಪರೇಟಿಂಗ್ ಸಿಸ್ಟಮಿನ್ಯಾಗ ಐದ್ ವರ್ಷ ಬರೋ ಎಲ್‌ಟಿಎಸ್ ಐತಲ್ಲ, ಎರಡೂ ಬಹಳ ದಿನಾ ಹೊಸಾದ್ ತುಂಬದ ತೂತಷ್ಟ ಮುಚ್ಚಿ ಕೊಡೋ ವರ್ಶನ್, ಪುಕ್ಕಟ ಕೊಡಾವ್ರು ಮಾಡ್ತಾರಂದ್ರ ತಿಂಗಳಾ ರೊಕ್ಕಾ ಇಸ್ಕೊಳ್ಳಾವ್ರು ಯಾಕ ಮಾಡಬಾರದು.

ಪೇಜ್‌ಮೇಕರಿನ ಕುಂದುನೂ ಹೇಳತೇನಿ, ಇಪ್ಪತ್ತೊಂದ ವರ್ಷ ಅದರ ಕೂಡ ಕುಂತಾಂವಗ ಗೊತ್ತಿರತಾವ. ಅಂಡೂ ಒಂದ ಸಲ ಅಷ್ಟ, ಎರಡ್ ಹೆಜ್ಜಿ ಹಿಂದ ಹೋಗಾಕ ಬರಂಗಿಲ್ಲ, ಅದಕ್ಕ ಹತ್ತ್ ನಿಮಿಷಕ್ಕೊಮ್ಮೆ ಸೇವ್ ಕೊಡೋ ರೂಢಿ ಇಟ್ಕೋಬೇಕು. ಬರೇ ಸೇವ್ ಕೊಟ್ಕೋಂತ ಹೋದ್ರ ಫೈಲ್ ಉಬ್ಬತೈತಿ, ನಡುವ ನಡುವ ಸೇವ್ ಆ್ಯಸ್ ಕೊಟ್ಟು ಅದ ಹೆಸರಿನ ಮ್ಯಾಲ ಬರಸಿದ್ರ ಸಣ್ಣದಾಗತೈತಿ. ಒಮ್ಮೊಮ್ಮೆ ಬ್ಯಾಡ್ ಹೋಲ್ ರೆಕಾರ್ಡ್ ಇಂಡೆಕ್ಸ್ ಅಂತ ಎರರ್ ಬರತೈತಿ, ಹೊಸಬ್ರು ಅಂಜತಾರ. ಏನೂ ಸೆಲೆಕ್ಟ್ ಮಾಡದ ಶಿಫ್ಟ್ ಆಲ್ಟ್ ಒತ್ತಿ ಹಿಡದು ಟೈಪ್ ಮೆನುವಿನ್ಯಾಗಿನ ಹೈಫನೇಶನ್ ಒತ್ತರಿ, ಒಂದ್ ಬೀಪ್ ಬಂದ್ರ ಫೈಲ್ ಸರಿ ಐತಿ, ಎರಡ್ ಬಂದ್ರ ಕೆಟ್ಟಿತ್ತು ರಿಪೇರಿ ಆತು, ಮೂರ್ ಬಂದ್ರ ಆಗಲಿಲ್ಲ ಅಂತ ಅರ್ಥ, ಹಿಂದಿನ ಕಾಪಿ ತಗೀರಿ.

ದೊಡ್ಡ ತ್ರಾಸು ಯೂನಿಕೋಡಿಂದ. ಈಗಿನ ಗಿರಾಕಿ ಲಗ್ನ ಪತ್ರಿಕಾದ ಮ್ಯಾಟರ್ ವಾಟ್ಸಾಪಿನ್ಯಾಗ ಕಳಸತಾರ, ಅದನ್ನ ಕನ್ವರ್ಟರ್‌ನ್ಯಾಗ ಹಾಕಿ ನುಡಿ ಹಳೇ ಫಾಂಟಿಗೆ ತರಬೇಕು, ಅರ್ಕಾವತ್ತು ಒಮ್ಮೊಮ್ಮೆ ಜಾಗಾ ತಪ್ಪತೈತಿ. ಬೀಗರ ಹೆಸರು ತಪ್ಪಿದ್ರ ಮನಿ ಮನಿ ಜಗಳಾ, ಹಿಂಗಾಗಿ ಪ್ರೂಫ್ ಓದೂದು ಎರಡ್ ಪಟ್ಟು. ಹುಡುಗರಿಗೆ ನಾ ಯೂನಿಕೋಡ್ ಕಲೀರಿ ಅಂತನ ಹೇಳತೇನಿ, ಮುಂದಿನ ಕನ್ನಡ ಅದರಾಗ ಐತಿ.

ಹಳೇ ವರ್ಶನ್ ಇಟ್ಕೊಳ್ಳಾವ್ರಿಗೆ ನಾ ಮಾಡೂದು ಹೇಳತೇನಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕ ಸಪೋರ್ಟ್ ಮುಗದೈತಿ, ಅದಕ್ಕ ಆ ಕಂಪ್ಯೂಟರಿಗೆ ನೆಟ್ ವಾಯರ್ ಹಚ್ಚಬ್ಯಾಡ್ರಿ, ಯಾರ್ ಎಷ್ಟ ಹೇಳಿದ್ರೂ ಹಚ್ಚಬ್ಯಾಡ್ರಿ. ಮ್ಯಾಟರ್ ಹೊಸಾದರಾಗ ಇಳಿಸಿ ಸ್ಕ್ಯಾನ್ ಮಾಡಿ ಪೆನ್ ಡ್ರೈವಿನ್ಯಾಗ ಒಯ್ರಿ, ಆ ಪೆನ್ ಡ್ರೈವ್ ಇದಕ್ಕಂತನ ಬ್ಯಾರೆ ಇಡ್ರಿ, ಗಿರಾಕಿದು ಸೀದಾ ಚುಚ್ಚಬ್ಯಾಡ್ರಿ. ಸಿಡಿ ಗೀರು ಬೀಳೂದಕ್ಕಿಂತ ಮೊದಲ ಅದರ ಕಾಪಿ ಎರಡ್ ಹಾರ್ಡ್ ಡಿಸ್ಕಿನ್ಯಾಗ ಇಡ್ರಿ, ಸೀರಿಯಲ್ ನಂಬರ್ ಡೈರ್‍ಯಾಗ ಬರೀರಿ. ಪೇಜ್‌ಮೇಕರಿಗೆ ನೆಟ್ ಮ್ಯಾಲ ಆ್ಯಕ್ಟಿವೇಶನ್ ಇಲ್ಲ, ಸೀರಿಯಲ್ ನಂಬರ್ ಹಾಕಿದ್ರ ಮುಗೀತು, ಯಾರೋ ಎಲ್ಲೋ ಸರ್ವರ್ ಬಂದ್ ಮಾಡಿದ್ರೂ ನಿಮ್ಮ ಕೆಲಸಾ ನಿಲ್ಲಂಗಿಲ್ಲ. ಪ್ರತಿ ಕೆಲಸದ ಫೋಲ್ಡರಿನ್ಯಾಗ ಅದರ ಫಾಂಟ್ ಮತ್ತ ಒಂದ್ ಪಿಡಿಎಫ್ ಕೂಡಿಸಿ ಇಡ್ರಿ. ಹಳೇ ಡಬ್ಬಿ ಕೈ ಕೊಟ್ರ ಪುಕ್ಕಟ ಸಿಗೋ ಲಿಬ್ರೆ ಆಫೀಸಿನ ಡ್ರಾ ಒಳಗ ಪೇಜ್‌ಮೇಕರಿನ ಪಿಎಂಡಿ ಫೈಲ್ ತಗಿಯಾಕ ಬರತೈತಿ, 2015ರಾಗ ಬಂದ 4.4 ವರ್ಶನ್‌ನಿಂದ ಆ ಅನುಕೂಲ ಐತಿ. ಲೇಔಟ್ ಇದ್ದದ್ದ ಇದ್ದಂಗ ಬರತೈತಿ ಅಂತ ನಂಬಬ್ಯಾಡ್ರಿ, ಮ್ಯಾಟರ್ ಉಳಸ್ಕೊಳ್ಳಾಕ ಅಡ್ಡಿ ಇಲ್ಲ.

ಐದಕ್ಕ ನಾಲ್ಕ ಸ್ಟಾರ್ ಕೊಡತೇನಿ. ಒಂದ್ ಕಡಿಮಿ ಮಾಡಿದ್ದು ಯೂನಿಕೋಡ್ ಇಲ್ಲದ್ದಕ್ಕ. ಹೋದ ವಾರ ಹಳೇ ಡಬ್ಬಿಯ ಮದರ್‌ಬೋರ್ಡಿನ ಕೆಪಾಸಿಟರ್ ಉಬ್ಬಿದ್ದು ಕಂಡೈತಿ, ಬೋರ್ಡ್ ಕೈ ಕೊಡೋ ಲಕ್ಷಣ ಅದು, ನಮ್ಮ ಇನ್ನೊಂದು ಫಾಂಟಿನ ಡಾಂಗಲ್ (ಅದನ್ನ ಹಚ್ಚಿದ್ರನ ಆ ಫಾಂಟ್ ನಡಿಯೋದು) ಹಳೇ ಪ್ರಿಂಟರ್ ಪೋರ್ಟಿಗೆ ಹಚ್ಚೂದು, ಆ ಪೋರ್ಟ್ ಈಗಿನ ಬೋರ್ಡಿನ್ಯಾಗ ಬರೂದು ಕಡಿಮಿ. ಐತ್ವಾರ ಹುಬ್ಬಳ್ಳಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಅಂಗಡಿ ಎಲ್ಲಾ ಹುಡುಕಾವ ಅದೇನಿ, ಆ ಪೋರ್ಟ್ ಇರೋ ಹಳೇ ಬೋರ್ಡ್ ಸಿಕ್ರ ಎರಡ್ ತರತೇನಿ.